ಹದಿನೈದು ಗಂಟೆಯ ಕೆಲಸ, ಆರು ದಿನದ ಹಾಜರಿ

ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹನ್ನೊಂದು ವರ್ಷ ನಾನು ವೇಳಾಪಟ್ಟಿ ಸಮಿತಿಯ ಸಂಚಾಲಕನಾಗಿದ್ದೆ. ಸಮಿತಿಯೆಂದರೆ ನಾನು, ಒಂದು ಅಡಿಪಟ್ಟಿ, ಪೆನ್ಸಿಲ್ ಮತ್ತು ಬೇಗ ಸವೆಯುವ ರಬ್ಬರ್. ಪಾಠ ಹೇಳುತ್ತಿದ್ದುದು ಅರ್ಥಶಾಸ್ತ್ರ. ಇಲ್ಲಿ ಬರೆಯುತ್ತಿರುವುದು ಕನ್ನಡದ ಅತಿಥಿ ಉಪನ್ಯಾಸಕಿಯೊಬ್ಬರ ಒಂದು ವರ್ಷದ ಪ್ರಕರಣ. ಅವರ ಹೆಸರು ಬೇಡ. ಹುಡುಗರು ಕರೆಯುತ್ತಿದ್ದಂತೆ ನಾನೂ ಕನ್ನಡ ಮೇಡಂ ಎಂದೇ ಕರೆಯುತ್ತೇನೆ. ಈ ಪ್ರಕರಣದಲ್ಲಿ ನಾನು ದೂರ ನಿಂತು ನೋಡಿದವನಲ್ಲ. ಅವರ ವಾರವನ್ನು ಚೂರು ಚೂರು ಮಾಡಿದ ಪೆನ್ಸಿಲ್ ನನ್ನ ಕೈಯಲ್ಲಿತ್ತು.

ಮೇಡಂ ನಮ್ಮಲ್ಲಿಗೆ ಬಂದದ್ದು 2009ರಲ್ಲಿ. ಮನೆ ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿ. ಗಂಡ ಲಾರಿ ಚಾಲಕ, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಮಂಡಿನೋವಿನ ಅತ್ತೆ, ಶಾಲೆಗೆ ಹೋಗುವ ಮಗಳು, ಎರಡು ಹಸು. ವಾರಕ್ಕೆ ಎಂಟು ಗಂಟೆ ಪಾಠವಿದ್ದ ಕಾಲದಲ್ಲಿ ಅವರು ಸೋಮವಾರದಿಂದ ಬುಧವಾರದವರೆಗೆ ಬೆಳಿಗ್ಗೆ ನಮ್ಮಲ್ಲಿ ಪಾಠ ಮುಗಿಸಿ, ಮಧ್ಯಾಹ್ನ ಒಂದು ಖಾಸಗಿ ಪಿಯು ಕಾಲೇಜಿಗೆ ಹೋಗುತ್ತಿದ್ದರು. ಅಲ್ಲಿ ತಿಂಗಳಿಗೆ 9,000, ನಮ್ಮಲ್ಲಿ 11,000. ಇವೆರಡರ ಜೊತೆಗೆ ಡೇರಿಗೆ ಹಾಕುವ ಹಾಲಿನ ಬಟವಾಡೆ. ಈ ಮೂರನೆಯದನ್ನು ನಾವು ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಥೆ ತಿರುಗಿದ್ದು ಅದರಿಂದಲೇ.

2021ರ ಡಿಸೆಂಬರ್‌ನಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಬೀದಿಗಿಳಿದರು. 2022ರ ಜನವರಿಯಲ್ಲಿ ಸರ್ಕಾರ ತಿಂಗಳ ಗೌರವಧನವನ್ನು, ಅರ್ಹತೆ ಮತ್ತು ಸೇವಾವಧಿ ನೋಡಿ, 26,000ದಿಂದ 32,000 ರೂಪಾಯಿಯೊಳಗಿನ ನಾಲ್ಕು ಹಂತಗಳಿಗೆ ಏರಿಸಿತು; ಜೊತೆಯಲ್ಲೇ ಎಂಟು–ಹತ್ತು ಗಂಟೆಯಿದ್ದ ವಾರದ ಕಾರ್ಯಭಾರವನ್ನು 15 ಗಂಟೆ ಮಾಡಿತು. ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಎನ್‌ಇಟಿ ಇಲ್ಲದಿದ್ದರೂ ಐದು ವರ್ಷಕ್ಕಿಂತ ಹೆಚ್ಚು ಸೇವೆಯಿದ್ದ ಮೇಡಂಗೆ 28,000 ಬಂತು. ಏರಿಕೆ ಸಣ್ಣದಲ್ಲ, ಸ್ಟಾಫ್ ರೂಮಿನಲ್ಲಿ ಮೈಸೂರು ಪಾಕ್ ಹಂಚಿದರು. ಆದರೆ ಕಾಲೇಜಿನಲ್ಲಿದ್ದ ಒಟ್ಟು ಗಂಟೆಗಳೇನೂ ಹೆಚ್ಚಿರಲಿಲ್ಲ. ಹಿಂದೆ ಇಬ್ಬರಿಗೆ ಆಗುತ್ತಿದ್ದ ಕನ್ನಡದ ಕಾರ್ಯಭಾರ ಈಗ ಒಬ್ಬರಿಗೆ ಮಾತ್ರ ಸಾಕಾಗುವಂತಿತ್ತು. ಇನ್ನೊಬ್ಬ ಅತಿಥಿ ಉಪನ್ಯಾಸಕರು ಮನೆಗೆ ಹೋದರು. ಖಾಸಗಿ ಕಾಲೇಜನ್ನು ಮೇಡಂ ತಾವೇ ಬಿಟ್ಟರು, ಎರಡೂ ಕಡೆ ನಿಭಾಯಿಸಲು ಸಮಯವೇ ಇರಲಿಲ್ಲ.

2022–23ರ ಮೊದಲ ಸೆಮಿಸ್ಟರ್‌ಗೆ ನಾನು ಕೊಟ್ಟ ವೇಳಾಪಟ್ಟಿ ಇದು. ಅವರಿಗಿದ್ದದ್ದು ಮೂರು ಸೆಕ್ಷನ್, ಒಂದೊಂದಕ್ಕೆ ನಾಲ್ಕು ಗಂಟೆ. ಜೊತೆಗೆ ಮುಕ್ತ ಆಯ್ಕೆಯ ಪತ್ರಿಕೆ ಮೂರು ಗಂಟೆ. ಒಟ್ಟು ಹದಿನೈದು. ಸೋಮವಾರ 10, 12 ಮತ್ತು 3.30ಕ್ಕೆ. ಮಂಗಳವಾರ 11 ಮತ್ತು 3.30. ಬುಧವಾರ 10, 11, 2.30. ಗುರುವಾರ 10 ಮತ್ತು 3.30. ಶುಕ್ರವಾರ 12, 2.30, 3.30. ಶನಿವಾರ 10 ಮತ್ತು 12.

ಇದನ್ನು ದುರುದ್ದೇಶದಿಂದ ಮಾಡಿದೆನೆಂದು ಭಾವಿಸಬೇಡಿ. ವೇಳಾಪಟ್ಟಿ ಹಾಕುವವರೆಲ್ಲ ಅನುಸರಿಸುವ ಕ್ರಮವೊಂದಿದೆ, ಯಾವ ಸುತ್ತೋಲೆಯಲ್ಲೂ ಅದು ಬರೆದಿಲ್ಲ. ಮೊದಲು ಪ್ರಯೋಗಾಲಯದ ಅವಧಿಗಳನ್ನು ಕೂರಿಸಬೇಕು, ಏಕೆಂದರೆ ಅವು ಎರಡೆರಡು ಗಂಟೆಯ ಗಡ್ಡೆಗಳು. ಆಮೇಲೆ ಕಾಯಂ ಅಧ್ಯಾಪಕರು, ಸೇವಾ ಹಿರಿತನದ ಪ್ರಕಾರ: ಒಬ್ಬರಿಗೆ ಸಂಜೆಯ ರೈಲು, ಒಬ್ಬರಿಗೆ ಪಿಎಚ್‌ಡಿ, ಇನ್ನೊಬ್ಬರಿಗೆ ಬೆಳಿಗ್ಗೆ ಹತ್ತಕ್ಕೆ ಬರುವುದೆಂದರೆ ತಲೆನೋವು. ಕೊನೆಗೆ ಉಳಿದ ತೂತುಗಳಿಗೆ ಅತಿಥಿಗಳನ್ನು ತುಂಬುವುದು. ನನ್ನ ತರಗತಿಗಳು ವಾರದಲ್ಲಿ ನಾಲ್ಕು ದಿನ 11 ಮತ್ತು 12ಕ್ಕೆ ಜೋಡಿಯಾಗಿದ್ದವು. ಹಾಗೆ ಹಾಕಿಕೊಂಡವನು ನಾನೇ.

ಪಾಠದ ಲೆಕ್ಕದಲ್ಲಿ ಮೇಡಂ ಕೆಲಸ ಹದಿನೈದು ಗಂಟೆ. ಮೊದಲ ತರಗತಿಯಿಂದ ಕೊನೆಯ ತರಗತಿಯವರೆಗೆ ಕಾಲೇಜಿನಲ್ಲಿ ಇರಬೇಕಾದದ್ದು ಮೂವತ್ತೊಂದೂವರೆ ಗಂಟೆ. ಅವರ ಊರಿನಿಂದ ಬರುವ ಬಸ್ಸು 9.40ಕ್ಕೆ ತಂದು ಇಳಿಸುತ್ತಿತ್ತು, ಮುಂದಿನದು ಬರುವುದು 12 ಹೊಡೆದು ಹತ್ತು ನಿಮಿಷಕ್ಕೆ. ಹಾಗಾಗಿ 11ರ ತರಗತಿಯಾಗಲಿ 12ರ ತರಗತಿಯಾಗಲಿ, 9.40ಕ್ಕೇ ಬಂದು ಕೂರಬೇಕು. ಬಸ್ಸಿನಿಂದಾಗಿ ಮುಂಚೆಯೇ ಬಂದು ಕೂರುವ ಹೊತ್ತನ್ನೂ ಸೇರಿಸಿದರೆ ವಾರಕ್ಕೆ ಮೂವತ್ತಾರೂವರೆ ಗಂಟೆ. 28,000 ರೂಪಾಯಿಯನ್ನು ಪಾಠದ ಗಂಟೆಗಳಿಗೆ ಹಂಚಿದರೆ ಗಂಟೆಗೆ ಸುಮಾರು 430. ಮೂವತ್ತಾರೂವರೆಗೆ ಹಂಚಿದರೆ 177. ಅರ್ಥಶಾಸ್ತ್ರದವನಾಗಿ ಈ ಭಾಗಾಕಾರವನ್ನು ಸೆಮಿಸ್ಟರಿನ ಮೊದಲ ದಿನವೇ ಮಾಡಬೇಕಿತ್ತು. ಮಾಡಿದ್ದು ಡಿಸೆಂಬರ್‌ನಲ್ಲಿ.

ಇಲ್ಲಿ ಇನ್ನೊಂದು ಅಂಕಿಯನ್ನು ಹೇಳಲೇಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಕಾಯಂ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆ ವಾರಕ್ಕೆ 16 ಗಂಟೆ. ಅವರ ಆರಂಭಿಕ ಮೂಲ ವೇತನ 57,700 ರೂಪಾಯಿ. ಹದಿನಾರು ಗಂಟೆ ಪಾಠ ಮಾಡುವವರು ಪೂರ್ಣಾವಧಿ, ಹದಿನೈದು ಗಂಟೆಯವರು ಅರೆಕಾಲಿಕ. ನಡುವಿನ ವ್ಯತ್ಯಾಸ ಒಂದೇ ಒಂದು ಪಿರಿಯಡ್. ಕಾಯಂ ಆದವರಿಗೆ ವಾರಕ್ಕೆ ಒಟ್ಟು 40 ಗಂಟೆ ಎಂದು ಅದೇ ನಿಯಮಾವಳಿ ಹೇಳುತ್ತದೆ. ಪಾಠದ ತಯಾರಿ, ಉತ್ತರಪತ್ರಿಕೆ ತಿದ್ದುವುದು, ವಿದ್ಯಾರ್ಥಿಗಳ ಮಾರ್ಗದರ್ಶನ, ಕಚೇರಿಯ ಕಾಗದ ಎಲ್ಲವೂ ಅದರೊಳಗೆ ಬರುತ್ತವೆ. ಅತಿಥಿಯೂ ಪಾಠಕ್ಕೆ ತಯಾರಾಗಲೇಬೇಕು, ಆಂತರಿಕ ಮೌಲ್ಯಮಾಪನ ಮಾಡಲೇಬೇಕು. ಆದರೆ ಆ ಗಂಟೆಗಳಿಗೆ ಅವರ ಹೆಸರಿನ ಮುಂದೆ ಅಂಕಣವಿರಲಿಲ್ಲ.

ಕನ್ನಡ ಅಧ್ಯಾಪಕರಾದ್ದರಿಂದ ಇನ್ನೂ ಒಂದು ಹೊರೆ. ಯಾವ ಸಮಾರಂಭವಾದರೂ ನಿರೂಪಣೆ ಅವರದ್ದೇ, ಆಹ್ವಾನಪತ್ರಿಕೆಯ ಕರಡು ತಿದ್ದುವುದೂ ಅವರದ್ದೇ. ರಾಜ್ಯೋತ್ಸವಕ್ಕೆ ಹುಡುಗರಿಗೆ ಹಾಡು ಕಲಿಸುವುದು ಯಾರು? ಕನ್ನಡ ಮೇಡಂ. ರಸಾಯನಶಾಸ್ತ್ರದವರನ್ನು ಯಾರೂ ಹೀಗೆ ಕೇಳುವುದಿಲ್ಲ.

ಆ ವರ್ಷ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿಯಿತ್ತು. ಆಗ ನ್ಯಾಕ್‌ಗೆ ಏಳು ಮಾನದಂಡಗಳು, ಒಂದೊಂದಕ್ಕೂ ಕಡತಗಳ ರಾಶಿ. ನಮ್ಮ ಹದಿನೆಂಟು ಬೋಧಕರಲ್ಲಿ ಕಾಯಂ ಇದ್ದವರು ಏಳು ಮಂದಿ. ಏಳು ಮಾನದಂಡಕ್ಕೆ ಏಳು ಕಾಯಂ ಅಧ್ಯಾಪಕರು ಸಂಚಾಲಕರಾದೆವು. ಕಡತ ಜೋಡಿಸಿದವರು ಹನ್ನೊಂದು ಅತಿಥಿಗಳು. ರಾತ್ರಿ ಎಂಟೂವರೆಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ ಬರುತ್ತಿತ್ತು: ನಾಳೆ ಎಲ್ಲರೂ 9ಕ್ಕೆ ಹಾಜರಿರುವುದು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. 9.40ರ ಬಸ್ಸಿನವರು 9ಕ್ಕೆ ಬರುವುದು ಹೇಗೆಂದು ಯಾರೂ ಕೇಳಲಿಲ್ಲ. ಅವರು ಯಾರದಾದರೂ ಬೈಕಿನ ಹಿಂದೆ ಕೂತು ಬಂದರು.

ನವೆಂಬರ್‌ನ ಎರಡು ವಾರ ಹೀಗೇ ನಡೆಯಿತು. ಸಂಜೆ 4.45ರ ಬಸ್ಸು ಹಿಡಿದರೆ ಆರರೊಳಗೆ ಹಾಲು ಕರೆದು ಡೇರಿ ಮುಚ್ಚುವ ಮೊದಲು ಹಾಕಬಹುದು. ಮುಂದಿನ ಬಸ್ಸು 6.30ಕ್ಕೆ. ನಾಲ್ಕು ಸಂಜೆ ಅವರು ಆ 6.30ರ ಬಸ್ಸಿನಲ್ಲೇ ಹೋದರು. ಅವರ ಕಪ್ಪು ಹಸು ಬೇರೆಯವರ ಕೈಗೆ ಸೊರೆ ಬಿಡುತ್ತಿರಲಿಲ್ಲ. ಅತ್ತೆ ಹೋದರೆ ಒದೆಯುತ್ತಿತ್ತು. ಹೊತ್ತು ತಪ್ಪಿ ಕರೆದು ಕರೆದು ಅದಕ್ಕೆ ಕೆಚ್ಚಲು ಬಾವು ಬಂತು. ಹಾಲು ಕಟ್ಟಿಕೊಂಡಿದ್ದೂ ಒಂದು ಕಾರಣವಿರಬಹುದು ಎಂದರು ಪಶುವೈದ್ಯರು. ಚುಚ್ಚುಮದ್ದು ಹಾಕಿದ ಮೇಲೆ ಆ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಒಂದು ವಾರದ ಹಾಲು, ಅದಕ್ಕೆ ಲೀಟರಿಗೆ ಸಿಗುವ ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನ, ಔಷಧಿಯ ಖರ್ಚು ಎಲ್ಲ ಕೂಡಿ ಆ ತಿಂಗಳ ಏರಿಕೆಯ ಒಂದು ಪಾಲು ಹಟ್ಟಿಯಲ್ಲೇ ಕರಗಿತು.

ಆಗ ಮೇಡಂ ಪ್ರಾಂಶುಪಾಲರಿಗೆ ಅರ್ಜಿ ಬರೆದರು. ಒಂದೂವರೆ ಪುಟ, ಕನ್ನಡ ಅಧ್ಯಾಪಕರ ದುಂಡು ಅಕ್ಷರ, ಎಲ್ಲೂ ಹಸುವಿನ ಪ್ರಸ್ತಾಪವಿಲ್ಲ. ಕೇಳಿದ್ದು ಮೂರೇ: ಸಾಧ್ಯವಾದರೆ ತರಗತಿಗಳನ್ನು ನಾಲ್ಕು ದಿನಗಳಿಗೆ ಸೇರಿಸಿ ಕೊಡಬೇಕು, ನಾಲ್ಕೂವರೆಯ ನಂತರ ಕೆಲಸವಿದ್ದರೆ ಒಂದು ವಾರ ಮುಂಚೆ ತಿಳಿಸಬೇಕು, ಪಾಠವಲ್ಲದ ಕೆಲಸ ವಾರಕ್ಕೆ ಎಷ್ಟು ಗಂಟೆ ಎಂಬುದನ್ನು ಲಿಖಿತವಾಗಿ ಕೊಡಬೇಕು.

ಅವರ ಜೊತೆ ನನ್ನನ್ನೂ ಕೊಠಡಿಗೆ ಕರೆದರು. ಪ್ರಾಂಶುಪಾಲರು ಕೆಟ್ಟವರಲ್ಲ. ಕಾಯಂ ಸಿಬ್ಬಂದಿ ಏಳೇ ಜನರಿರುವ ಕಾಲೇಜನ್ನು ನ್ಯಾಕ್‌ನ ಮುಂದೆ ನಿಲ್ಲಿಸುವ ಮನುಷ್ಯನ ರಕ್ತದೊತ್ತಡವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವರು ಅರ್ಜಿ ಓದಿ ಹೇಳಿದ್ದು, “ಮೇಡಂ, ನೀವು ಸ್ವಲ್ಪ ಹೊಂದಿಕೊಂಡು ಹೋಗಬೇಕು. ಸರ್ಕಾರ 28,000 ಕೊಡುತ್ತಿರುವುದು ಬರೀ ಪಾಠಕ್ಕೇನು?”

“ಇಲ್ಲ ಸರ್. ಬೇರೆ ಕೆಲಸ ಮಾಡುವುದಿಲ್ಲ ಎಂದು ನಾನು ಬರೆದಿಲ್ಲ. ಎಷ್ಟು ಎಂದು ಬರೆದುಕೊಡಿ ಎಂದು ಕೇಳಿದ್ದೇನೆ.”

ಪ್ರಾಂಶುಪಾಲರು ಕಿಟಕಿಯ ಕಡೆ ನೋಡಿದರು. ಮೇಡಂ ಹೊರಗೆ ಹೋದ ಮೇಲೆ ನನಗೆ ಹೇಳಿದರು: “ವೇಳಾಪಟ್ಟಿ ಏನಾದರೂ ಮಾಡಿಕೊಡಿ. ಆದರೆ ಗಂಟೆ ಬರೆದುಕೊಡುವುದು ಮಾತ್ರ ಆಗುವುದಿಲ್ಲ. ನಾಳೆ ಕೋರ್ಟಿನಲ್ಲಿ ಅದೇ ಸಾಕ್ಷಿಯಾಗುತ್ತದೆ.”

ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇರುವುದು ಆ ಮಾತಿನಲ್ಲಿ. ಅದರ ಹಿಂದೆ ಇರುವುದು ನಮ್ಮದೇ ರಾಜ್ಯದಿಂದ ಹೋದ ಉಮಾದೇವಿ ಪ್ರಕರಣ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ನೇಮಕಾತಿಯ ಕ್ರಮ ಅನುಸರಿಸದೆ ತಾತ್ಕಾಲಿಕವಾಗಿ ತೆಗೆದುಕೊಂಡವರಿಗೆ ಕಾಯಮಾತಿಯ ಹಕ್ಕಿಲ್ಲ ಎಂದು ತೀರ್ಪು ಕೊಟ್ಟಿತು. ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ದುಡಿದ ಅರ್ಹರಿಗೆ ಒಂದು ಬಾರಿಯ ವಿನಾಯಿತಿಯನ್ನೂ ಇಟ್ಟಿತು. ಕಚೇರಿಗಳು ಈ ತೀರ್ಪಿನಿಂದ ಕಲಿತ ಪಾಠ ಬೇರೆಯೇ. ಯಾರನ್ನೂ ಕಾಯಂ ಕೆಲಸಗಾರನಂತೆ ಕಾಗದದಲ್ಲಿ ಕಾಣಿಸಬಾರದು ಎಂಬುದನ್ನು ಅವು ಕಲಿತವು. ಆದ್ದರಿಂದ ಅತಿಥಿ ಎಂಬ ಹೆಸರು, ಸಂಬಳದ ಬದಲು ಗೌರವಧನ, ರಜೆಯ ಅವಧಿಗೆ ಬಿಡುಗಡೆ. ದಿನವಿಡೀ ಕೆಲಸ ಮಾಡಿಸಬಹುದು, ಮಾಡಿಸಿದ್ದು ಬರಹದಲ್ಲಿ ಉಳಿಯಬಾರದು. ಹೊಂದಿಕೊಂಡು ಹೋಗುವುದು ಯಾವಾಗಲೂ ಬಾಯಿಮಾತಿನಲ್ಲೇ ಇರುವುದಕ್ಕೆ ಇದೇ ಕಾರಣ. ಮೇಡಂ ಕೇಳಿದ ಮೂರನೆಯ ಬೇಡಿಕೆಗೆ ಒಂದು ರೂಪಾಯಿ ಖರ್ಚಿರಲಿಲ್ಲ. ತಿರಸ್ಕೃತವಾದದ್ದು ಅದೊಂದೇ.

(ಕಾಲ ಸ್ವಲ್ಪ ತಿರುಗಿದೆ. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಕೇಂದ್ರ ಜಲ ಆಯೋಗದಲ್ಲಿ ದಶಕಗಳಿಂದ ಗುಡಿಸುವ ಮತ್ತು ತೋಟದ ಕೆಲಸ ಮಾಡುತ್ತಿದ್ದವರನ್ನು ಕಾಯಂಗೊಳಿಸಲು ಆದೇಶಿಸಿತು. ಅವರು ಅರೆಕಾಲಿಕರು ಎಂಬುದೇ ಆಯೋಗದ ವಾದವಾಗಿತ್ತು. ಹೆಸರೇನೆಂಬುದಕ್ಕಿಂತ ಕೆಲಸದ ಸ್ವರೂಪವೇನೆಂಬುದನ್ನು ಪೀಠ ನೋಡಿತು. ಉಮಾದೇವಿ ತೀರ್ಪನ್ನು ಕಾರ್ಮಿಕರ ವಿರುದ್ಧದ ಅಸ್ತ್ರವಾಗಿ ಬಳಸುವುದನ್ನೂ ಟೀಕಿಸಿತು. ನಮ್ಮ ಪ್ರಕರಣ ನಡೆದಾಗ ಇದು ಇನ್ನೂ ಬಂದಿರಲಿಲ್ಲ.)

ಉಳಿದದ್ದು ನನ್ನ ಪಾಲಿನ ಕೆಲಸ. ಡಿಸೆಂಬರ್‌ನ ಒಂದು ಭಾನುವಾರ ಹೊಸ ಹಾಳೆಯಲ್ಲಿ ಕ್ರಮವನ್ನು ತಲೆಕೆಳಗು ಮಾಡಿ ನೋಡಿದೆ: ಮೊದಲು ಅತಿಥಿಗಳು, ಆಮೇಲೆ ಕಾಯಂ. ಸೋಮ, ಮಂಗಳ, ಬುಧ, ಶುಕ್ರ ನಾಲ್ಕೂ ದಿನ ಮೂರು ಸೆಕ್ಷನ್‌ಗಳಿಗೆ ಒಂದೊಂದು ತರಗತಿ, ಅಲ್ಲಿಗೆ ಹನ್ನೆರಡು. ಮಂಗಳವಾರ ಬಿಟ್ಟು ಉಳಿದ ಮೂರು ದಿನ ಮುಕ್ತ ಆಯ್ಕೆಯ ಪತ್ರಿಕೆ, ಹದಿನೈದು. 10ಕ್ಕೆ ಶುರು, ಮಂಗಳವಾರ ಒಂದಕ್ಕೆ, ಉಳಿದ ದಿನ ಎರಡೂವರೆಗೆ ಮುಕ್ತಾಯ. ಕಾಲೇಜಿನಲ್ಲಿ ಇರಬೇಕಾದ ಸಮಯ ಮೂವತ್ತೊಂದೂವರೆಯಿಂದ ಹದಿನಾರೂವರೆಗೆ ಇಳಿಯಿತು. ಸಂಚಾಲಕನಾಗಿ ಹತ್ತು ವರ್ಷ ಕಳೆದ ಮೇಲೆ ಒಂದು ಭಾನುವಾರದಲ್ಲಿ ಇದು ಸಾಧ್ಯವಾಯಿತು ಎನ್ನುವುದು ನನಗೆ ಹೆಮ್ಮೆಯ ವಿಷಯವಲ್ಲ.

ತೊಡಕು ಮುಕ್ತ ಆಯ್ಕೆಯಲ್ಲಿತ್ತು. ಅದಕ್ಕೆ ಬೇರೆ ಬೇರೆ ಸೆಕ್ಷನ್‌ಗಳ ವಿದ್ಯಾರ್ಥಿಗಳು ಬರುತ್ತಾರೆ, ಆದ್ದರಿಂದ ಎಲ್ಲ ವಿಭಾಗಗಳ ಆ ಪತ್ರಿಕೆಗಳೂ ಒಂದೇ ಹೊತ್ತಿನಲ್ಲಿ ನಡೆಯಬೇಕು. ಅದನ್ನು 3.30ರಲ್ಲಿ ಇಟ್ಟಿದ್ದೆವು. ಒಂದೂವರೆಯಿಂದ ಪ್ರಯೋಗಾಲಯ ನಡೆಯುವುದರಿಂದ 12 ಗಂಟೆಗೆ ತರುವುದೊಂದೇ ದಾರಿ. 12 ಗಂಟೆಯೆಂದರೆ ಹಿರಿಯರೆಲ್ಲ ತಮ್ಮ ಕೊನೆಯ ತರಗತಿ ಮುಗಿಸಿ ಮನೆಯ ದಾರಿ ಹಿಡಿಯುವ ಹೊತ್ತು. ಅವರ ತರಗತಿಗಳು ಸಂಜೆಗೆ ಹೋಗಬೇಕು. ನನ್ನವನ್ನು ಮೊದಲು ಸರಿಸಿದೆ. ವಾಣಿಜ್ಯ ವಿಭಾಗದ ಹಿರಿಯರು ಒಪ್ಪಲಿಲ್ಲ. “ನಾನು ಪೂರ್ಣಾವಧಿ ನೌಕರ. ಅವರು ಅರೆಕಾಲಿಕ. ಅವರಿಗೋಸ್ಕರ ನನ್ನ ಸಂಜೆ ಯಾಕೆ ಹಾಳಾಗಬೇಕು?” ಪೂರ್ಣಾವಧಿಯವರು ಒಂದು ಗಂಟೆಗೆ ಮನೆಗೆ ಹೋಗುವುದು, ಅರೆಕಾಲಿಕರು ನಾಲ್ಕೂವರೆಯವರೆಗೆ ಕಾಯುವುದು, ಇದರಲ್ಲಿರುವ ವಿಚಿತ್ರ ಅವರ ಕಣ್ಣಿಗೆ ಬೀಳಲೇ ಇಲ್ಲ. ನನಗೂ ಹತ್ತು ವರ್ಷ ಬಿದ್ದಿರಲಿಲ್ಲ, ಆದ್ದರಿಂದ ಉಪದೇಶ ಮಾಡಲಿಲ್ಲ. ಎರಡು ದಿನ ಸಂಜೆ ಸಾಕು ಎಂದು ಚೌಕಾಸಿ ಮಾಡಿ ಒಪ್ಪಿಸಿದೆ.

ಜರ್ಮನಿಯಲ್ಲಿರುವ ನನ್ನ ಅಕ್ಕನ ಮಗಳು ಆ ದಿನಗಳಲ್ಲೇ ಊರಿಗೆ ಬಂದಿದ್ದಳು. ಅಲ್ಲಿ ಮಾಲೀಕ ಬೇಕೆಂದಾಗ ಕರೆಸಿಕೊಳ್ಳುವ ಅರೆಕಾಲಿಕ ಕೆಲಸಕ್ಕೂ ಕಾನೂನಿನ ಕಟ್ಟುಪಾಡಿದೆಯಂತೆ ಎಂದಾಗ ಕುತೂಹಲದಿಂದ ಆ ಕಾನೂನನ್ನು ಹುಡುಕಿ ಓದಿದೆ. ನಾಲ್ಕು ದಿನ ಮುಂಚೆ ತಿಳಿಸದಿದ್ದರೆ ಕೆಲಸಗಾರ ಬರಲೇಬೇಕೆಂದಿಲ್ಲ. ದಿನದ ಅವಧಿ ಒಪ್ಪಂದದಲ್ಲಿ ಇಲ್ಲದಿದ್ದರೆ, ಕರೆದ ದಿನ ಸತತವಾಗಿ ಮೂರು ಗಂಟೆಯಾದರೂ ಕೆಲಸ ಕೊಡಬೇಕು. ವಾರದ ಗಂಟೆಗಳನ್ನು ಬರೆಯದಿದ್ದರೆ 20 ಗಂಟೆಯೆಂದೇ ಲೆಕ್ಕ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸತತ ಎಂಬ ಪದ. ಬೆಳಿಗ್ಗೆ ಹತ್ತಕ್ಕೊಂದು, ಸಂಜೆ ಮೂರೂವರೆಗೊಂದು ತರಗತಿ ಹಾಕಿ ಗುರುವಾರವನ್ನಿಡೀ ನುಂಗುವ ಉಪಾಯ ಅಲ್ಲಿಯವರಿಗೂ ಗೊತ್ತಿದ್ದಿರಬೇಕು, ಇಲ್ಲದಿದ್ದರೆ ಅದನ್ನು ತಡೆಯುವ ಸಾಲು ಕಾನೂನಿನಲ್ಲಿ ಏಕೆ ಬರುತ್ತದೆ? ಮೌನ ಅಲ್ಲಿ ಕೆಲಸಗಾರನ ಪರವಾಗಿ ತುಂಬಿಕೊಳ್ಳುತ್ತದೆ, ನಮ್ಮಲ್ಲಿ ಪ್ರಾಂಶುಪಾಲರ ಪರವಾಗಿ.

ಎರಡನೆಯ ಸೆಮಿಸ್ಟರ್‌ಗೆ ಹೊಸ ವೇಳಾಪಟ್ಟಿ ಗೋಡೆಗೇರಿತು. ಗುರುವಾರ ಮತ್ತು ಶನಿವಾರ ಮೇಡಂಗೆ ಬಿಡುವು. ನ್ಯಾಕ್ ಕೆಲಸ ನಿಲ್ಲಲಿಲ್ಲ, ಆದರೆ ಪ್ರಾಂಶುಪಾಲರು ಬಾಯಿಮಾತಿನಲ್ಲಿ ಒಪ್ಪಿದಂತೆ ಅದು ಎರಡೂವರೆಯಿಂದ ನಾಲ್ಕೂವರೆಯೊಳಗೆ ಮುಗಿಯುತ್ತಿತ್ತು. ಒಂದು ವಾರದ ಮುನ್ಸೂಚನೆ ಎಂದೂ ಬರಲಿಲ್ಲ. ರಾತ್ರಿ ಎಂಟೂವರೆಯ ಸಂದೇಶಗಳು ಬರುತ್ತಲೇ ಇದ್ದವು. ಕೈಮುಗಿದ ಚಿತ್ರಗಳ ಸಾಲಿನಲ್ಲಿ ಮೇಡಂ ಚಿತ್ರ ಮಾತ್ರ ಕಾಣಿಸಲಿಲ್ಲ. ಜೂನ್ 11ರಿಂದ ಶಕ್ತಿ ಯೋಜನೆ ಬಂದು ಅವರ ಬಸ್ ಖರ್ಚು ಉಳಿಯಿತು. ಬಸ್ಸು ಎಷ್ಟು ತುಂಬುತ್ತಿತ್ತೆಂದರೆ ಅವರೇ ಒಮ್ಮೆ ಫುಟ್‌ಬೋರ್ಡಿನಿಂದ ಹಿಂದಕ್ಕೆ ಇಳಿಯಬೇಕಾಯಿತು.

ಇದಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನೂ ಹೇಳದಿದ್ದರೆ ಪ್ರಕರಣ ಅರ್ಧವಾಗುತ್ತದೆ. 3.30ಕ್ಕೆ ಸರಿದ ನನ್ನ ಅರ್ಥಶಾಸ್ತ್ರದ ತರಗತಿಯಲ್ಲಿ ನಲವತ್ತೆರಡು ಹುಡುಗರ ಪೈಕಿ ಹದಿನಾರು ಜನ ಉಳಿದರು. ಬೇರೆ ಕಡೆಯ ಹಳ್ಳಿಗಳ ಮಕ್ಕಳಿಗೆ ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಆರೂವರೆಯವರೆಗೆ ಬೇರೆ ಗತಿಯಿಲ್ಲ. ಹಿಂದೆ ಮೇಡಂ ಅವರ 3.30ರ ತರಗತಿಯಲ್ಲೂ ಹೀಗೇ ಆಗುತ್ತಿತ್ತು. ಆಗ ನಾವು ಸ್ಟಾಫ್ ರೂಮಿನಲ್ಲಿ ಕನ್ನಡಕ್ಕೆ ಹುಡುಗರು ಕೂರುವುದಿಲ್ಲ ಎಂದು ಮಾತಾಡಿಕೊಳ್ಳುತ್ತಿದ್ದೆವು. ಕೊಠಡಿಗಳು ಐದು, ಸೆಕ್ಷನ್‌ಗಳು ಒಂಬತ್ತು. ಯಾರದಾದರೂ ತರಗತಿ 3.30ಕ್ಕೆ ಬೀಳಲೇಬೇಕು. ನನ್ನ ರಬ್ಬರಿನಿಂದ ಹೊಸ ಕೊಠಡಿ ಹುಟ್ಟುವುದಿಲ್ಲ.

2023ರ ನವೆಂಬರ್‌ನಿಂದ ಅತಿಥಿ ಉಪನ್ಯಾಸಕರ ಮುಷ್ಕರ ಮತ್ತೆ ಶುರುವಾಯಿತು, ಕಾಯಮಾತಿಯ ಬೇಡಿಕೆಯೊಂದಿಗೆ. ಈ ಸಲ ಮೇಡಂ ಕೂಡ ಹೋಗಿ ಕೂತರು. ಕಾಯಮಾತಿ ಆಗಲಿಲ್ಲ. 2024ರ ಜನವರಿಯಿಂದ ಸೇವಾವಧಿಗೆ ಅನುಗುಣವಾಗಿ 5,000ದಿಂದ 8,000 ರೂಪಾಯಿ ಹೆಚ್ಚಳ, ತಿಂಗಳಿಗೊಂದು ವೇತನಸಹಿತ ರಜೆ, ಐದು ಲಕ್ಷದ ಆರೋಗ್ಯ ವಿಮೆ, ಅರವತ್ತು ತುಂಬಿದಾಗ ಇಡುಗಂಟು ಎಂಬ ಘೋಷಣೆಗಳಾದವು. ಹತ್ತರಿಂದ ಹದಿನೈದು ವರ್ಷದ ಸಾಲಿನಲ್ಲಿದ್ದ ಮೇಡಂ ಅವರ ಗೌರವಧನ 35,000 ಆಯಿತು. ನಮ್ಮ ಕಾಲೇಜಿನ ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಇದರಿಂದ ಒಂದು ಗೆರೆಯೂ ಬದಲಾಗಲಿಲ್ಲ.

ಆ ವರ್ಷದ ನಡುವೆ ನಾನು ನಿವೃತ್ತನಾದೆ. ಅಡಿಪಟ್ಟಿಯ ಜೊತೆ ಆ ಭಾನುವಾರದ ಹಾಳೆಯನ್ನೂ ಹೊಸ ಸಂಚಾಲಕರಿಗೆ ಕೊಟ್ಟೆ. ಅವರು ಕಂಪ್ಯೂಟರಿನಲ್ಲಿ ಮಾಡುವವರು. ರಾಜ್ಯ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿದ ಸಮಯವಾದ್ದರಿಂದ ಎಲ್ಲ ಪತ್ರಿಕೆಗಳ ಗಂಟೆಗಳೂ ಅದಲುಬದಲಾಗಿದ್ದವು, ಹಳೆಯ ಹಾಳೆ ಉಪಯೋಗಕ್ಕೆ ಬರಲಿಲ್ಲ ಎಂದರು. ಹಿರಿತನದ ಕ್ರಮವನ್ನು ಮಾತ್ರ ಕಂಪ್ಯೂಟರಿಗೂ ಕಲಿಸಿದ್ದಾರೆ.

ಹೋದ ದೀಪಾವಳಿಗೆ ಮೇಡಂ ಫೋನ್ ಮಾಡಿದ್ದರು. ಮತ್ತೆ ಆರು ದಿನ, ಮೂರು ದಿನ 3.30ರ ತರಗತಿ. ಹಸು ಹೇಗಿದೆ ಎಂದು ಕೇಳಿದೆ. “ಕಪ್ಪು ಹಸು ಈಗ ಮಗಳ ಕೈಗೂ ಹಾಲು ಕೊಡುತ್ತದೆ ಸರ್, ಹೊಂದಿಕೊಂಡಿತು” ಎಂದು ನಕ್ಕರು. ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಅವಳ ಲೆಕ್ಕದ ಟ್ಯೂಷನ್ ಸಂಜೆ ಐದೂವರೆಗಿತ್ತು, ಬಿಟ್ಟಿದ್ದಾಳಂತೆ.